ಕುರಿಗೆ ಕೇಳಿಸದ ಹಾಡು

ಮಾಳು ಮಾಡಿದ ಹಾಡು ನಾಲ್ಕು ನಿಮಿಷ ಹನ್ನೆರಡು ಸೆಕೆಂಡಿನದು. ಅದರಲ್ಲಿ ಮಾತು ಇರಲಿಲ್ಲ. ಡೊಳ್ಳು ಇತ್ತು, ಕಂಪ್ಯೂಟರಿನಿಂದ ತೆಗೆದ ದಪ್ಪನೆಯ ಬೇಸ್ ಇತ್ತು, ಮತ್ತು ಏಳು ಕಡೆ, ನಾಲ್ಕು ನಾಲ್ಕು ಸೆಕೆಂಡಿನಷ್ಟು, ಅವನ ತಾಯಿ ಯಲ್ಲಕ್ಕ ತನ್ನ ಕುರಿಗಳನ್ನು ಕರೆಯುವ ಕೂಗು ಇತ್ತು. 2004ರ ನವೆಂಬರಿನಲ್ಲಿ ತುಳಸಿ ಲಗ್ನ ಮುಗಿದು ಮದುವೆಗಳು ಸುರುವಾಗುವ ಹೊತ್ತಿಗೆ ಹಾಡು ಸಿದ್ಧವಾಗಿತ್ತು. ಅದನ್ನು ಡಿಜೆಗಳಿಗೆ ಯಾವುದರ ಮೇಲೆ ಹಾಕಿ ಕೊಡುವುದು ಎಂಬುದೊಂದು ಮಾತ್ರ ತೀರ್ಮಾನವಾಗಿರಲಿಲ್ಲ.

ಮಾಳು ನಾಗನೂರಿನವನು. ವಯಸ್ಸು ಇಪ್ಪತ್ತಾರು. ಗೋಕಾಕದ ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಲಗ್ನಪತ್ರಿಕೆ ಟೈಪ್ ಮಾಡುವುದು ಅವನ ಕೆಲಸ. 'ಸುಖಾಗಮನ ಬಯಸುವವರು' ಎಂಬ ಸಾಲನ್ನು ದಿನಕ್ಕೆ ಹತ್ತು ಸಲ ಬಡಿಯುತ್ತಿದ್ದ. ಗಿರಾಕಿಗಳು ಇಲ್ಲದ ಮಧ್ಯಾಹ್ನಗಳಲ್ಲಿ ಅದೇ ಕಂಪ್ಯೂಟರಿನಲ್ಲಿ ಹಾಡು ಕಟ್ಟುತ್ತಿದ್ದ. ಎಂಟು ತಿಂಗಳು ಹಿಡಿದಿತ್ತು.

ಆ ಸುತ್ತಿನಲ್ಲಿ ಹೆಸರು ಮಾಡಿದ ಡಿಜೆಗಳು ಮೂವರು. ಹಿಂದಿನ ವರ್ಷದವರೆಗೆ ಮೂವರ ಬೋರ್ಡಿನ ಮೇಲೂ 'ಸೌಂಡ್ ಸರ್ವಿಸ್' ಎಂದಿತ್ತು. ಆ ವರ್ಷ ಮೂವರೂ ಪೇಂಟರನನ್ನು ಕರೆಸಿ ಅದನ್ನು ಅಳಿಸಿ 'ಡಿಜೆ' ಎಂದು ಬರೆಸಿದ್ದರು. ಅದನ್ನು ಬಿಟ್ಟರೆ ಮೂವರಲ್ಲಿ ಒಮ್ಮತವೆಂಬುದು ಯಾವುದರಲ್ಲೂ ಇರಲಿಲ್ಲ.

ಗೋಕಾಕದ ಸತ್ತೆಪ್ಪ ಟ್ರ್ಯಾಕ್ಟರ್ ಟ್ರೇಲರಿನ ಮೇಲೆ ಎಂಟು ಸ್ಪೀಕರ್ ಪೆಟ್ಟಿಗೆ ಕಟ್ಟಿಕೊಂಡು ಊರೂರು ತಿರುಗುವವನು. ಅವನಿಗೆ ಕ್ಯಾಸೆಟ್ ಬೇಕು. "ಸಿಡಿ ಅಂದ್ರ ಹೊಸಾ ಸೊಸಿ ಇದ್ದಂಗ ತಮ್ಮಾ. ಗಾಡಿ ಒಂದ ತಗ್ಗಿನ್ಯಾಗ ಇಳದ್ರ ಸಾಕು, ಮಾತ ನಿಲ್ಲಸ್ತೈತಿ" ಎಂದಿದ್ದ.

ಮೂಡಲಗಿಯ ಉದ್ದಪ್ಪನಿಗೆ ಎಂಪಿತ್ರೀ ಬೇಕು. "ಒಂದ ಸಿಡಿಗೆ ನೂರಾ ಐವತ್ತ ಹಾಡ ಹಿಡಿತಾವು. ನೀ ಒಂದ ಹಾಡಿಗೆ ಒಂದ ಸಿಡಿ ಅಂತಿ. ಒಬ್ಬನ ಸಲುವಾಗಿ ಬಸ್ ಬಿಟ್ಟಂಗ ಆತು" ಎಂದಿದ್ದ.

ಹುಕ್ಕೇರಿಯ ಶ್ರೇಯಸ ಈ ಇಬ್ಬರಿಗಿಂತ ಇಪ್ಪತ್ತು ವರ್ಷಕ್ಕೆ ಸಣ್ಣವನು. ತಂದೆಗೆ ಬಟ್ಟೆ ಅಂಗಡಿ. ಇವನು ನಿಡಸೋಸಿಯ ಕಾಲೇಜಿನಲ್ಲಿ ಎರಡು ವರ್ಷ ಇಲೆಕ್ಟ್ರಾನಿಕ್ಸ್ ಓದಿ ಬಿಟ್ಟು ಬಂದವನು. ಅವನು ಆಡಿಯೋ ಸಿಡಿ ಬಿಟ್ಟು ಬೇರೇನನ್ನೂ ಮುಟ್ಟುತ್ತಿರಲಿಲ್ಲ. "ಅರಿವಿ ಅಂಗಡಿಯವರ ಮಗಾ ನಾ. ನೂಲ ಎಷ್ಟ ತಗದಾರ ಅನ್ನೂದು ನನಗ ಮುಟ್ಟಿದ್ರ ತಿಳಿತೈತಿ. ಎಂಪಿತ್ರೀ ಅಂದ್ರ ನೂಲ ತಗದ ಧೋತರ" ಎಂದಿದ್ದ.

ಮಾಳುವಿಗೆ ಇದೇನೂ ದೊಡ್ಡ ತೊಡಕಾಗಿ ಕಾಣಲಿಲ್ಲ. ಮೂವರಿಗೆ ಮೂರು ಬಗೆ ಮಾಡಿ ಕೊಟ್ಟರಾಯಿತು. ತೊಡಕು ಕಂಡದ್ದು ಅವನು ಹಾಡನ್ನು ತಾಯಿಗೆ ಕೇಳಿಸಲು ಹೋದ ಭಾನುವಾರ.

ಯಲ್ಲಕ್ಕನ ಹಿಂಡು ಆಗ ಕಲ್ಲೋಳಿಯಲ್ಲಿ, ತವನಪ್ಪ ಎಂಬ ರೈತರ ಹೊಲದಲ್ಲಿ ಕೂತಿತ್ತು. ರಾಶಿ ಮುಗಿದ ಹೊಲದಲ್ಲಿ ರಾತ್ರಿ ಕುರಿ ಕೂಡ್ರಿಸಿದರೆ ಅದಕ್ಕಿಂತ ಒಳ್ಳೆಯ ಗೊಬ್ಬರವಿಲ್ಲ ಎಂದು ಸುತ್ತಿನ ರೈತರು ಕುರುಬರನ್ನು ಕರೆಸಿಕೊಳ್ಳುತ್ತಾರೆ. ಹೊಲದ ಒಂದು ಮೂಲೆಯಲ್ಲಿ ಬಲೆಯ ದಡ್ಡಿ ಹಾಕಿ, ಎರಡು ರಾತ್ರಿಗೊಮ್ಮೆ ಅದನ್ನು ಸರಿಸುತ್ತ, ಇಡೀ ಹೊಲ ಮುಗಿಸಬೇಕು. ಯಲ್ಲಕ್ಕನ ಹಿಂಡಿನಲ್ಲಿ ಅರವತ್ತೆರಡು ಕುರಿಗಳಿದ್ದವು. ಗಂಡ ತೀರಿಕೊಂಡ ಒಂಬತ್ತು ವರ್ಷದಿಂದ ಆಕೆಯೇ ಅದನ್ನು ನಡೆಸುತ್ತಿದ್ದಳು.

ಮಾಳು ಸಿಡಿಯೂ ಕ್ಯಾಸೆಟ್ಟೂ ಹಾಕಬಹುದಾದ ಬ್ಯಾಟರಿ ಟೇಪನ್ನು ಬದುವಿನ ಮೇಲಿಟ್ಟು ಹಾಡು ಹಚ್ಚಿದ. ಡೊಳ್ಳಿಗೆ ಕುರಿಗಳು ಕಿವಿ ಅಲುಗಿಸಲಿಲ್ಲ. ಬೇಸಿಗೂ ಅಲುಗಿಸಲಿಲ್ಲ. ನಲವತ್ತೊಂದನೆಯ ಸೆಕೆಂಡಿಗೆ ಮೊದಲ ಕೂಗು ಬಂತು. ಅರವತ್ತೆರಡೂ ಎದ್ದವು. ಇಪ್ಪತ್ತು ಹೆಜ್ಜೆ ಆಚೆ ನಿಂತಿದ್ದ ಯಲ್ಲಕ್ಕನನ್ನು ದಾಟಿ ಬಂದು ಟೇಪಿಗೆ ಮೂತಿ ಹಚ್ಚಿದವು.

ಯಲ್ಲಕ್ಕ ಸೆರಗು ಸಿಕ್ಕಿಸಿಕೊಂಡು ಕುರಿಗಳ ನಡುವೆ ದಾರಿ ಮಾಡಿಕೊಂಡು ಬಂದಳು.

"ಇದು ನನ್ನ ದನಿ ಅಲ್ಲೇನ್ಲೇ?"

"ನಿಂದ ಯವ್ವಾ. ಹ್ವಾದ ವರ್ಸ ತುಂಬಿಕೊಂಡಿದ್ದೆ. ಹೆಂಗೈತಿ?"

"ಹೆಂಗೈತಿ ಅಂತ ನನ್ನ ಯಾಕ ಕೇಳ್ತಿ. ಇವನ್ನ ಕೇಳು." ಕುರಿಗಳನ್ನು ತೋರಿಸಿದಳು. "ಇದನ್ನ ಎಲ್ಲೆಲ್ಲಿ ಹಚ್ಚಾವ್ರು?"

"ಎಲ್ಲಾ ಕಡೆ. ಮದಿವ್ಯಾಗ, ಗಣಪತಿ ಕಳಸೂ ಮುಂದ, ಯಲೆಕ್ಷನ್ನಿಗೂ ಹಚ್ಚಿದ್ರ ಹಚ್ಚಬಹುದು."

"ಎಲ್ಲಾ ಕಡೆ ನಾ ಕರದ್ರ ಇವು ಎಲ್ಲಾ ಕಡೆ ಹೋಗಬೇಕಲ್ಲೋ ಮಾಳ್ಯಾ."

ಮಾಳು ಇದನ್ನು ಯೋಚಿಸಿರಲಿಲ್ಲ. ಎಂಟು ತಿಂಗಳು ಅವನು ಆ ಕೂಗನ್ನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೇಳಿದ್ದ. ಗೋಕಾಕದ ಬಸ್ ಸ್ಟ್ಯಾಂಡಿನ ಹತ್ತಿರ ಕುರಿಗಳಿರಲಿಲ್ಲ.

"ಎತ್ತಿಗೆ ಹಗ್ಗ ಐತಿ, ನಾಯಿಗೆ ಸರಪಳಿ ಐತಿ" ಎಂದಳು ಯಲ್ಲಕ್ಕ. "ಕುರಿಗೆ ಏನೈತಿ? ನಾ ಕರದ್ರ ಬರ್ತಾವು, ನಾ ಸುಮ್ಕಿದ್ರ ಕುಂದರ್ತಾವು. ನಾಳೆ ಯಾರರ ಪೆಟಿಗ್ಯಾಗ ನಾ ಕರದೆ ಅಂದ್ರ ಕೂತ ಹೊಲಾ ಬಿಟ್ಟ ಎದ್ದ ಹೊಕ್ಕಾವು. ಎದ್ದ ಹೋಗೂ ಹಿಂಡನ್ನ ಯಾವ ಒಕ್ಕಲಿಗಾ ಕರಸ್ತಾನ? ಈ ವರ್ಸ ಮಾರಿಬಿಡಬೇಕಾಕ್ಕೈತಿ."

"ಹಂಗಾರ ಕೂಗ ತಗದ ಹಾಕ್ತೇನಿ."

ಆದರೆ ಅದನ್ನು ಅವನು ಆಗಲೇ ಒಮ್ಮೆ ಮಾಡಿ ನೋಡಿದ್ದ. ಕೂಗು ಕತ್ತರಿಸಿ ಬಡಿತವನ್ನು ಬಡಿತಕ್ಕೆ ಜೋಡಿಸಿದರೆ ಉಳಿಯುತ್ತಿದ್ದದ್ದು ನಾಲ್ಕು ನಿಮಿಷದ ಹಿಟ್ಟಿನ ಗಿರಣಿ. ಡಿಜೆಗಳಿಗೆ ಫೋನಿನಲ್ಲಿ ತುಣುಕು ಕೇಳಿಸಿದಾಗ ಮೂವರೂ ಕೇಳಿದ್ದು ಒಂದೇ ಮಾತು: ಆ ಹೆಣ್ಣದನಿ ಯಾರದು?

ಮಗನ ಮುಖ ನೋಡಿ ಯಲ್ಲಕ್ಕ ಸ್ವಲ್ಪ ಸಡಿಲಾದಳು. "ಹಾಡ ಹೊರಗ ಬಿಡಬ್ಯಾಡ ಅನ್ನಂಗಿಲ್ಲ. ಬಿಡು. ಆದ್ರ ನನ್ನ ಕುರಿ ಏಳಬಾರದು. ಮಂದಿ ಕುಣೀಬೇಕು, ಕುರಿ ಏಳಬಾರದು. ಅಂಥಾದ್ದ ಏನರ ಮಾಡಾಕ ಬರ್ತೈತಿ ಅಂದ್ರ ಮಾಡು."

ಮಾಳುವಿಗೆ ಹೊಳೆಯಿತು. ಹಾಡನ್ನು ಕಂಪ್ಯೂಟರಿನಲ್ಲಿ ಎಂಪಿತ್ರೀ ಮಾಡಿ ಕುಗ್ಗಿಸಬಹುದು; ಅಂಕಿಯನ್ನು 128ರಿಂದ ಕೆಳಗಿಳಿಸಿದಷ್ಟೂ ಹೆಚ್ಚು ಕುಗ್ಗುತ್ತದೆ. ಕುಗ್ಗಿಸಿದಷ್ಟೂ ಅದರ ಮೇಲಿನ ತೆಳು ದನಿಗಳು ಉದುರುತ್ತ ಹೋಗುತ್ತವೆ. ಕುಣಿಯುವವರಿಗೆ ಬೇಕಾದದ್ದು ಕೆಳಗಿನ ಗುದ್ದು; ಅದು ಉಳಿಯುತ್ತದೆ. ಕುರಿಗಳು ಗುರುತು ಹಿಡಿಯುವುದು ಮೇಲಿನ ತೆಳುವನ್ನೇ ಇರಬೇಕು. ಎಲ್ಲರೂ ಒಳ್ಳೆಯ ಫಾರ್ಮ್ಯಾಟ್ ಹುಡುಕುವಾಗ ತಾನು ಬೇಕಾದಷ್ಟು ಕೆಟ್ಟದ್ದನ್ನು ಹುಡುಕಬೇಕು, ಅಷ್ಟೇ.

ಮರುದಿನದಿಂದ ಅವನು ಕೆಲಸ ಮುಗಿಸಿ ಸಂಜೆ ಬಸ್ಸಿಗೆ ಕಲ್ಲೋಳಿಗೆ ಬರತೊಡಗಿದ. ದಿನಕ್ಕೊಂದೆರಡು ಸಿಡಿ ತರುವುದು, ಬದುವಿನ ಮೇಲೆ ಟೇಪ್ ಇಡುವುದು, ಹಚ್ಚುವುದು, ಎದ್ದ ಕುರಿಗಳನ್ನು ಎಣಿಸಿ ಹಾಳಾದ ಲಗ್ನಪತ್ರಿಕೆಯ ಬೆನ್ನಿಗೆ ಬರೆದುಕೊಳ್ಳುವುದು. ಕ್ಯಾಸೆಟ್: ಐವತ್ತೆಂಟು ಎದ್ದವು, ಉಳಿದ ನಾಲ್ಕು ಅವುಗಳ ಹಿಂದೆ ಹೋದವು. 128ಕ್ಕೆ ಕುಗ್ಗಿಸಿದ ಎಂಪಿತ್ರೀ: ಅರವತ್ತೆರಡು. 64: ಇಪ್ಪತ್ತೊಂಬತ್ತು. 48: ಏಳು.

ಹೊಲದ ಯಜಮಾನ ತವನಪ್ಪ ದಿನವೂ ಸಂಜೆ ಬಂದು ಕೈ ಹಿಂದೆ ಕಟ್ಟಿಕೊಂಡು ನಿಂತು ನೋಡುತ್ತಿದ್ದರು.

"ಏನಪಾ ಮಾಳು, ಎಸ್ಸೆಸ್ಸೆಲ್ಸಿ ಸೆಂಟರ್ ನಮ್ಮ ಹೊಲದಾಗ ಬಂದೈತೇನ?"

"ಹೌದ್ರೀ ಸಾವ್ಕಾರ್ರ. ಎಲ್ಲಾ ನಪಾಸ ಆಗಬೇಕ್ರಿ. ಏಳ ಕುರಿ ಇನ್ನೂ ಪಾಸ್ ಆಗಾಕತ್ತಾವು."

"ನಮ್ಮ ಸಾಲಿ ಮಾಸ್ತರನ್ನ ಕರಸು. ಆತನ ಕೈಯಾಗ ಕೊಟ್ರ ಒಂದೂ ಪಾಸ್ ಆಗಂಗಿಲ್ಲ."

ಶನಿವಾರ ಅವನು 32ಕ್ಕೆ ಕುಗ್ಗಿಸಿದ್ದನ್ನು ತಂದ. ಹಾಡು ಈಗ ಮುಚ್ಚಿದ ಡಬ್ಬಿಯೊಳಗಿಂದ ಬಂದಂತಿತ್ತು. ತಾಯಿಯ ಕೂಗು ತೂತು ಬಿದ್ದ ಕೊಳವೆಯಲ್ಲಿ ಗಾಳಿ ಊದಿದಂತಿತ್ತು. ಏಳು ಸಲವೂ ಕೂಗು ಬಂದು ಹೋಯಿತು. ಕುರಿಗಳು ಮೆಲುಕು ಹಾಕುತ್ತ ಕೂತೇ ಇದ್ದವು. ಮಾಳು ಕಾಗದದ ಮೇಲೆ ಸೊನ್ನೆ ಬರೆದ. ತನ್ನ ಎಂಟು ತಿಂಗಳ ಕೆಲಸವನ್ನು ಇಷ್ಟು ಕೆಡಿಸಿದ್ದಕ್ಕೆ ಅವನಿಗೆ ಅಳು ಬರಬೇಕಾಗಿತ್ತು. ಬದಲಿಗೆ ತಾಯಿಯ ಕೈ ಹಿಡಿದು ಕುಲುಕಿದ.

ಆದರೂ ಒಂದು ಸಲ ಆದದ್ದನ್ನು ನಂಬುವ ಜಾತಿಯವನಲ್ಲ ಅವನು. "ನಾ ಮೂರ ದಿನಾ ಸೂಟಿ ತಗೊಂಡೇನಿ ಯವ್ವಾ. ಸೋಮಾರದಿಂದ ಗೋಕಾಕ, ಮೂಡಲಗಿ, ಹುಕ್ಕೇರಿ ತಿರಗಿ ಕೊಟ್ಟ ಬರ್ತೇನಿ. ಟೇಪು, ಈ ಸಿಡಿ ಇಲ್ಲೇ ಇರ್ಲಿ. ನೀ ಮುಂಜಾನಿಗೊಮ್ಮೆ, ಸಂಜಿಗೊಮ್ಮೆ ಹಚ್ಚಿ ನೋಡು. ಏಳಂಗಿಲ್ಲ ಅನ್ನೂದು ಖಾತ್ರಿ ಆಗ್ಲಿ" ಎಂದು ಗುಂಡಿ ಒತ್ತುವುದನ್ನು ತೋರಿಸಿಕೊಟ್ಟ.

ಸತ್ತೆಪ್ಪನಿಗೆ ಅದನ್ನೇ ಕ್ಯಾಸೆಟ್ಟಿಗೆ ತುಂಬಿ ಕೊಟ್ಟ. ಸತ್ತೆಪ್ಪ ಪೂರ್ತಿ ಕೇಳಿ ತಲೆದೂಗಿದ. "ಬರಾಬರಿ ಐತಿ. ಹೊಸಾ ಹಾಡಂತ ಅನಸೂದ ಇಲ್ಲ. ಇಪ್ಪತ್ತ ವರ್ಸ ತಿರಗಿದ ಕ್ಯಾಸೆಟ್ ಇದ್ದಂಗ ಐತಿ." ಅವನ ಬಾಯಲ್ಲಿ ಇದು ಹೊಗಳಿಕೆ.

ಉದ್ದಪ್ಪ ಹಾಡನ್ನು ಕೇಳಲಿಲ್ಲ. "ಎಷ್ಟ ಜಾಗಾ ಹಿಡಿತೈತಿ?" ಎಂದ. ಒಂದು ಎಂಬಿ ಎಂದು ಮಾಳು ಹೇಳಿದ. ಉದ್ದಪ್ಪ ಮನಸ್ಸಿನಲ್ಲೇ ಏನೋ ಭಾಗಾಕಾರ ಮಾಡಿ, "ಅಂದ್ರ ಇಂಥಾವು ಒಂದ ಸಿಡಿಗೆ ಏಳನೂರ ಕುಂದರ್ತಾವು. ನೀ ಭಾಳ ಮುಂದ ಬರ್ತಿ ನೋಡು" ಎಂದು ಬೆನ್ನು ಚಪ್ಪರಿಸಿದ. ಸಿಡಿಯನ್ನು ಡ್ರಾಯರಿನಲ್ಲಿಟ್ಟು ಬೀಗ ಹಾಕಿದ.

ಶ್ರೇಯಸ ಹೆಡ್‌ಫೋನ್ ಹಾಕಿಕೊಂಡು ಹನ್ನೊಂದು ಸೆಕೆಂಡು ಕೇಳಿದ. ಹೆಡ್‌ಫೋನ್ ತೆಗೆದು ಬಟ್ಟೆಯಿಂದ ಒರೆಸಿದ.

"ಮಾಳಣ್ಣಾ, ಇದು ಸಿಡಿ ಅಲ್ಲ. ಸಿಡಿ ವೇಷಾ ಹಾಕ್ಕೊಂಡ ಎಂಪಿತ್ರೀ. ಅದೂ ಸಾದಾ ಎಂಪಿತ್ರೀ ಅಲ್ಲ. ಯಾರ ಕೆಡಸಿದ್ರು ಇದನ್ನ?"

"ನಾನ."

"ಬೇಕಂತ?"

ಮಾಳು ಕುರಿಗಳ ವಿಷಯ ಹೇಳಿದ. ಲಗ್ನಪತ್ರಿಕೆಯ ಬೆನ್ನಿಗೆ ಬರೆದ ಲೆಕ್ಕವನ್ನೂ ತೋರಿಸಿದ. ಶ್ರೇಯಸ ನಗಲಿಲ್ಲ. ಕಾಗದವನ್ನು ಎರಡು ಸಲ ಓದಿದ. ಅವನ ಮುಖದಲ್ಲಿ ಬಹಳ ವರ್ಷದ ಮೇಲೆ ತನ್ನ ಕಡೆಯ ಸಾಕ್ಷಿ ಸಿಕ್ಕವನ ಸಮಾಧಾನವಿತ್ತು.

"128ಕ್ಕೂ 64ಕ್ಕೂ ಏನ ಫರಕೈತಿ ಅಂತ ನಮ್ಮಪ್ಪ, ನಮ್ಮ ಮಾಮಾ, ಈ ಓಣಿ ಪೂರಾ ನನಗ ಹುಚ್ಚ ಅಂತಾರು. ಮೂವತ್ಮೂರ ಕುರಿಗೆ ಫರಕ ಗೊತ್ತಾಗೇತಿ. ಈ ಕಾಗದಾ ನನಗ ಕೊಡು."

"ಕೊಡ್ತೇನಿ. ಹಾಡ ಹಚ್ಚತೀಯಿಲ್ಲೋ?"

"ಇದನ್ನ ಹಚ್ಚಂಗಿಲ್ಲ. ಕುರಿ ಎದ್ದದ್ದ ಐತೆಲ್ಲಾ, ಅದನ್ನ ತಗೊಂಡ ಬಾ." ಸಿಡಿಯನ್ನು ವಾಪಸ್ ಕೈಗಿಟ್ಟ.

ಮೂವರಲ್ಲಿ ಇಬ್ಬರಾದರೂ ತೆಗೆದುಕೊಂಡರಲ್ಲ ಎಂದು ಮಾಳು ಬುಧವಾರ ಸಂಜೆ ಕಲ್ಲೋಳಿಗೆ ಬಂದಿಳಿದ. ಯಲ್ಲಕ್ಕ ಒಲೆ ಹಚ್ಚುತ್ತಿದ್ದಳು. ಮಗನನ್ನು ನೋಡಿ ಬಹಳ ಸಂತೋಷದಿಂದ, "ಆರ ಸಲಾ ಹಚ್ಚಿದ್ನಿ" ಎಂದಳು. "ನೀ ಹೇಳಿದಂಗ ಮುಂಜಾನಿಗೊಮ್ಮೆ ಸಂಜಿಗೊಮ್ಮೆ. ಏನ ಶಾಣ್ಯಾ ಅದಾವಂತಿ. ಹಚ್ಚು, ನೋಡು ಬೇಕಾದ್ರ."

ಮಾಳು ಹಚ್ಚಿದ. ನಲವತ್ತೊಂದನೆಯ ಸೆಕೆಂಡು ಬಂತು. ಅರವತ್ತೆರಡು ಕುರಿಗಳು ಮಳೆ ಸುರುವಾದಂಥ ಸದ್ದು ಮಾಡುತ್ತ ಓಡಿ ಬಂದು ಅವನನ್ನೂ ಟೇಪನ್ನೂ ಸುತ್ತುವರಿದವು. ಒಂದು ಟಗರು ಅವನ ಅಂಗಿಯ ಜೇಬಿನೊಳಗೆ ಮೂತಿ ಹಾಕಿತು.

"ಯವ್ವಾ. ಇವು ಏಳಂಗಿಲ್ಲಾಗಿತ್ತಲ್ಲ?"

"ಮದ್ಲ ಏಳಲಿಲ್ಲ" ಎಂದಳು ಯಲ್ಲಕ್ಕ, ಈಗ ಸ್ವಲ್ಪ ಅನುಮಾನದಿಂದ. "ಸೋಮಾರ ಒಂದೂ ಏಳಲಿಲ್ಲ. ನನ್ನ ಮಗನ ಹಾಡ ದಡಾ ಮುಟ್ಟಿತು ಅಂತ ಒಂದೊಂದ ಬೊಗಸಿ ಗ್ವಾಂಜಾಳ ಹಾಕಿದ್ನಿ. ಸಂಜಿಕೂ ಏಳಲಿಲ್ಲ. ಆಗೂ ಹಾಕಿದ್ನಿ. ನಿನ್ನೆ ನಾಕ ಎದ್ದಾವು, ಹಸದಿದ್ದಾವು ಬಿಡು ಅಂದ್ನಿ. ಇವತ್ತ ಭಾಳ ಎದ್ದಾವು, ನನ್ನ ಕೈಯಾಗಿನ ಕಾಳ ನೋಡಿ ಎದ್ದಾವು ಅನಕೊಂಡ್ನಿ."

ಆ ಮನೆಯ ರೀತಿಯೇ ಹಾಗೆ. ಒಂದು ಕೆಲಸ ಕೈಗೂಡಿತು ಎಂದರೆ ಅದರಲ್ಲಿ ಭಾಗವಾದ ಯಾರ ಬಾಯಿಯನ್ನೂ ಬರಿದು ಬಿಡಬಾರದು. ಹೆಣ್ಣು ಗೊತ್ತಾದರೆ ಬೆಲ್ಲ, ಬಾವಿಗೆ ನೀರು ಬಿದ್ದರೆ ಅಗೆದವನಿಗೆ ಹೋಳಿಗೆ. ಕುರಿಗೆ ಗೋವಿನಜೋಳ.

"ಏಳಲಾರದ್ದಕ್ಕ ಕಾಳ ಹಾಕಿದಿ?"

"ಮತ್ತ ಎದ್ದದ್ದಕ್ಕ ಹಾಕಬೇಕಿತ್ತೇನು?"

ಮಾಳು ಟೇಪ್ ಬಂದ್ ಮಾಡಿದ. ಮೂರು ದಿನದ ಆರು ಪಾಠದಲ್ಲಿ ಆ ಹಿಂಡು ಅತ್ಯಂತ ಕೆಟ್ಟ ಫಾರ್ಮ್ಯಾಟನ್ನು ಕಲಿತಿತ್ತು. ಒಳ್ಳೆಯವು ಅದಕ್ಕೆ ಮೊದಲೇ ಗೊತ್ತಿದ್ದವು. ಇನ್ನು ಈ ಹಾಡನ್ನು ಯಾವುದರ ಮೇಲೆ ಹಾಕಿದರೂ ಈ ಕುರಿಗಳು ಏಳುತ್ತವೆ.

ಸತ್ತೆಪ್ಪನ ಕ್ಯಾಸೆಟ್ ಮರುದಿನವೇ, ಗುರುವಾರ, ಕಲ್ಲೋಳಿಯ ಒಂದು ಮದುವೆಯಲ್ಲಿ ಬಾರಿಸುವುದಿತ್ತು. ಅಕ್ಷತೆ ಹನ್ನೆರಡೂವರೆಗೆ. ಅದಕ್ಕೆ ಮೊದಲು ಹತ್ತು ಗಂಟೆಗೆ ಮದುಮಗನ ಮೆರವಣಿಗೆ ಹಣಮಪ್ಪನ ಗುಡಿಗೆ ಹೊರಡುತ್ತದೆ. ಗುಡಿಯ ದಾರಿ ತವನಪ್ಪನವರ ಹೊಲದ ಬಾಜೂಕ್ಕೇ ಇತ್ತು.

ಹಿಂಡನ್ನು ದೂರ ಹೊಡೆದುಕೊಂಡು ಹೋಗುವ ಮಾತು ಬಂತು. ಯಲ್ಲಕ್ಕ ಬೇಡವೆಂದಳು, ಸತ್ತೆಪ್ಪನ ಪೆಟ್ಟಿಗೆಯ ಸದ್ದು ಎರಡು ಮೈಲು ಮುಟ್ಟುತ್ತದೆ, ಬಯಲಿನಲ್ಲಿ ಓಡಿದರೆ ತಡೆಯುವುದೇ ಆಗದು. ದಡ್ಡಿಯೊಳಗಾದರೆ ಬಲೆಯಾದರೂ ಇರುತ್ತದೆ. ತಾನು ಬೆಳಿಗ್ಗೆ ಮೇಯಲು ಬಿಡದೆ ಅಲ್ಲೇ ಕಾಯುವುದಾಗಿ ಹೇಳಿದಳು.

ಗುರುವಾರ ಒಂಬತ್ತಕ್ಕೆ ಮಾಳು ಮದುವೆಮನೆಯ ಮುಂದೆ ಸತ್ತೆಪ್ಪನನ್ನು ಹಿಡಿದ. ಸತ್ತೆಪ್ಪ ಜನರೇಟರಿಗೆ ಹಗ್ಗ ಬಿಗಿಯುತ್ತಿದ್ದ.

"ಕಾಕಾ, ನನ್ನ ಕ್ಯಾಸೆಟ್ ಇವತ್ತ ಹಚ್ಚಬ್ಯಾಡ್ರಿ."

"ಯಾಕ? ಬೀಗರಿಗೆ ಹೇಳಿಬಿಟ್ಟೇನಿ, ಎಲ್ಲೂ ಕೇಳಲಾರದ ಪೀಸ್ ಐತಿ ಅಂತ."

"ಹಚ್ಚಿದ್ರ ಕುರಿ ಬರ್ತಾವ್ರಿ."

"ಬರ್ಲಿ. ಕುಣ್ಯಾಕ ಯಾರ ಬಂದ್ರೂ ನಾ ಬ್ಯಾಡನ್ನಂಗಿಲ್ಲ."

"ಖರೆ ಹೇಳಾಕತ್ತೇನಿ ಕಾಕಾ."

"ನಾನೂ ಖರೆನ ಹೇಳಾಕತ್ತೇನಿ" ಎಂದ ಸತ್ತೆಪ್ಪ. "ಹೋದ ವಾರ ಒಬ್ಬಾಂವ ಹೋರಿ ತಂದಿದ್ದಾ. ಚೊಲೋ ಕುಣೀತು."

ಮೆರವಣಿಗೆ ಹೊಲದ ಬದುವಿಗೆ ಬಂದಾಗ ಹತ್ತು ಇಪ್ಪತ್ತು. ಸತ್ತೆಪ್ಪ ಕ್ಯಾಸೆಟ್ ಹಾಕಿದ. ಮೊದಲ ಕೂಗಿಗೆ ದಡ್ಡಿಯ ಬಲೆ ಹಿಗ್ಗಿತು. ಎರಡನೆಯದಕ್ಕೆ ಎರಡು ಗೂಟ ಕಿತ್ತುಬಂದವು. ಮೂರನೆಯದು ಮುಗಿಯುವಷ್ಟರಲ್ಲಿ ಕುರಿಗಳು ರಸ್ತೆಯಲ್ಲಿದ್ದವು. ಕುಣಿಯುವವರನ್ನು ಅವು ಗಮನಿಸಲಿಲ್ಲ. ನೇರವಾಗಿ ಟ್ರೇಲರಿಗೆ ಹೋಗಿ ಮುಂಗಾಲು ಎತ್ತಿ ಪೆಟ್ಟಿಗೆಗಳನ್ನು ಮೂಸತೊಡಗಿದವು. ಗೋವಿನಜೋಳ ಕಾಣದಿದ್ದಾಗ ಹುಡುಕಲು ಸುರು ಮಾಡಿದವು. ಒಂದು ಸತ್ತೆಪ್ಪನ ಊಟದ ಗಂಟು ಬಿಚ್ಚಿತು. ನಾಲ್ಕೈದು ಮದುಮಗನ ಕುದುರೆಯ ಕೊರಳ ಹೂವನ್ನು ತಿಂದವು. ಕುದುರೆ ಅದಕ್ಕೆ ಅಡ್ಡಿ ಮಾಡಲಿಲ್ಲ. ಮದುಮಗ ಎರಡೂ ಕಾಲು ಮೇಲಕ್ಕೆತ್ತಿ ಕೂತ.

ಯಲ್ಲಕ್ಕ ಬದುವಿನ ಮೇಲೆ ನಿಂತು ಕರೆಯುತ್ತಿರುವುದು ಮಾಳುವಿಗೆ ಕಾಣುತ್ತಿತ್ತು. ಬಾಯಿ ತೆರೆಯುತ್ತಿತ್ತು, ಕೊರಳ ನರ ಉಬ್ಬುತ್ತಿತ್ತು. ಕೇಳುತ್ತಿರಲಿಲ್ಲ. ಅವನು ಟ್ರೇಲರ್ ಹತ್ತಿದ.

"ಬಂದ್ ಮಾಡ್ರಿ ಕಾಕಾ."

ಸತ್ತೆಪ್ಪ ಕೈ ಚಾಚುವಷ್ಟರಲ್ಲಿ ಮದುಮಗನ ದೊಡ್ಡಪ್ಪ, ರುಮಾಲಿನ ಹಿರಿಯರು, ಕೆಳಗಿನಿಂದ ಕೋಲೆತ್ತಿ ತಡೆದರು. ಮದುಮಗ ಗುಡಿ ಮುಟ್ಟುವ ತನಕ ವಾದ್ಯ ನಿಲ್ಲಬಾರದು, ನಿಂತರೆ ಅಪಶಕುನ. ಅವರ ಕಾಲದಲ್ಲಿ ಕರಡಿ ಮಜಲಿನ ವಾದ್ಯದವರು ಹಳ್ಳ ದಾಟುವಾಗಲೂ, ಎದೆಮಟ್ಟ ನೀರಿನಲ್ಲೂ ಬಾರಿಸುತ್ತಲೇ ಹೋಗಿದ್ದರು.

"ಕುರಿ ಬಂದಾವು, ಬರ್ಲಿ. ವಾದ್ಯ ನಿಲ್ಲಸಬ್ಯಾಡ್ರಿ."

ಮಾಳು ಟೇಪಿನತ್ತ ನೋಡಿದ. ಒಳಗೆ ಎರಡು ಚಕ್ರ ತಿರುಗುತ್ತಿದ್ದವು. ಅವನು ಟ್ರೇಲರಿನಿಂದ ಬಗ್ಗಿ ಹಿರಿಯರ ಕಿವಿಯಲ್ಲಿ ಕೂಗಿ ಹೇಳಿದ:

"ನಿಲ್ಲಸಂಗಿಲ್ರೀ ಯಪ್ಪಾ. ನಾಕ ಸೆಕೆಂಡ ದನಿ ಅಷ್ಟ ಸಣ್ಣ ಮಾಡ್ತೇವಿ. ಟೇಪ ತಿರಗತಿರ್ತೈತಿ. ಬೇಕಾದ್ರ ನೋಡ್ರಿ."

ಹಿರಿಯರನ್ನು ಇಬ್ಬರು ಎತ್ತಿ ಟ್ರೇಲರಿಗೆ ಹತ್ತಿಸಿದರು. ಅವರು ಕನ್ನಡಕ ಹಾಕಿಕೊಂಡು ಟೇಪಿನ ಕಿಟಕಿಯೊಳಗೆ ಇಣುಕಿದರು. ಮಾಳು ದನಿಯ ಗುಂಡಿಯನ್ನು ಸೊನ್ನೆಗೆ ತಿರುಗಿಸಿ, ಮತ್ತೆ ಏರಿಸಿ ತೋರಿಸಿದ. ಚಕ್ರಗಳು ತಿರುಗುತ್ತಲೇ ಇದ್ದವು.

"ತಿರಗತೈತಿ" ಎಂದು ಹಿರಿಯರು ಕೆಳಗಿನವರಿಗೆ ಸಾರಿದರು. "ವಾದ್ಯ ನಿಂತಿಲ್ಲ. ಮಾಡ್ರಿ." ಇಳಿಯದೆ ಅಲ್ಲೇ ಕೂತರು, ಚಕ್ರದ ಮೇಲೆ ಕಣ್ಣಿಟ್ಟು.

ಕೂಗು ಎಲ್ಲೆಲ್ಲಿ ಬರುತ್ತದೆಂಬುದು ಮಾಳುವಿಗೆ ತನ್ನ ಉಸಿರಿನಷ್ಟೇ ಗೊತ್ತು. ಸತ್ತೆಪ್ಪ ಗುಂಡಿಯ ಮೇಲೆ ಕೈಯಿಟ್ಟ. ಮಾಳು ಅವನ ಹೆಗಲ ಮೇಲೆ ಕೈಯಿಟ್ಟು, ಹೊತ್ತಿಗೆ ಸರಿಯಾಗಿ ತಟ್ಟಿದ.

ಸದ್ದು ನಿಂತಿತು. ನಾಲ್ಕು ಸಾವಿರ ವ್ಯಾಟಿನ ಸದ್ದು ಒಮ್ಮೆಲೇ ಹೋದಾಗ ಕುಣಿಯುವವರು ಎತ್ತಿದ ಕಾಲು ಎತ್ತಿದಂತೆಯೇ ನಿಂತರು. ಆ ಖಾಲಿಯಲ್ಲಿ, ನೂರು ಹೆಜ್ಜೆ ಆಚೆಯ ಬದುವಿನಿಂದ, ಯಲ್ಲಕ್ಕನ ಕೂಗು ಬಂತು. ಮೊದಲು ನಾಲಿಗೆಯ ತುದಿಯ ಗುಡುಗು, ಆಮೇಲೆ ಮೇಲಕ್ಕೇರಿ ಅಲ್ಲಿಯೇ ನಿಂತುಬಿಡುವ ಒಂದು ಎಳೆ. ಮಾಳು ಆ ಕೂಗನ್ನು ಎಂಟು ತಿಂಗಳು ತಿದ್ದಿದ್ದ, ಕತ್ತರಿಸಿದ್ದ, ಕುಗ್ಗಿಸಿದ್ದ. ತನ್ನ ಹಾಡಿನೊಳಗೆ ಅದು ಸರಿಯಾಗಿ ಕೂತದ್ದನ್ನು ಕೇಳಿದ್ದು ಇದೇ ಮೊದಲು. ಅದು ಯಾವ ಫಾರ್ಮ್ಯಾಟಿನಲ್ಲೂ ಇರಲಿಲ್ಲ.

ಒಂಬತ್ತು ಕುರಿಗಳು ತಲೆ ತಿರುಗಿಸಿದವು. ಅಷ್ಟರಲ್ಲಿ ನಾಲ್ಕು ಸೆಕೆಂಡು ಮುಗಿದು ಬೇಸ್ ಬಡಿಯಿತು. ಮಂದಿ ಮೊದಲಿಗಿಂತ ಎರಡರಷ್ಟು ಎತ್ತರ ಹಾರಿದರು.

ಹಾಡಿನಲ್ಲಿ ಏಳು ಖಾಲಿ. ಕ್ಯಾಸೆಟ್ ಹಿಂದಕ್ಕೆ ತಿರುಗಿಸಿ ಮೂರು ಸಲ ಹಚ್ಚಬೇಕಾಯಿತು. ಹಿಂದಕ್ಕೆ ತಿರುಗುವುದೂ ತಿರುಗುವುದೇ ಎಂದು ಹಿರಿಯರು ತೀರ್ಪು ಕೊಟ್ಟರು. ಪ್ರತಿ ಖಾಲಿಗೂ ಯಲ್ಲಕ್ಕ ಒಮ್ಮೆ ಕರೆದಳು, ಪ್ರತಿ ಸಲವೂ ಒಂದಿಷ್ಟು ಕುರಿಗಳು ಬದುವಿನ ಕಡೆ ನಡೆದವು. ಎರಡನೆಯ ಸುತ್ತಿಗೆ ಮಂದಿಗೆ ಖಾಲಿ ಯಾವಾಗ ಬರುತ್ತದೆಂದು ಗೊತ್ತಾಗಿ, ಅದಕ್ಕಾಗಿ ಕಾಯತೊಡಗಿದರು. ಮೂರನೆಯ ಸುತ್ತಿಗೆ ಮೆರವಣಿಗೆ ಪೂರಾ ಒಂದೇ ಕಾಲ ಮೇಲೆ ನಿಂತು ಕಿವಿಗೊಡುತ್ತಿತ್ತು. ಮದುಮಗ ಕುದುರೆಯ ಮೇಲೆ ಕೈ ಎತ್ತಿ ಹಿಡಿದಿದ್ದ. ಹದಿನೇಳನೆಯ ಖಾಲಿಗೆ ಕೊನೆಯ ಕುರಿ, ಬಾಯಲ್ಲಿ ಸೇವಂತಿಗೆಯೊಂದನ್ನು ಕಚ್ಚಿಕೊಂಡು, ಹೊಲಕ್ಕೆ ಹೋಯಿತು.

"ಬಾಯಿ ನಿಂದರ್ಲಿ, ಗಾಡಿ ನಿಂದರ್ಲಿ, ಚಕ್ರ ನಿಂದರಲಿಲ್ಲ" ಎಂದು ಹಿರಿಯರು ತೃಪ್ತಿಯಿಂದ ಕೆಳಗಿಳಿದರು. ಸತ್ತೆಪ್ಪ ಕ್ಯಾಸೆಟ್ ತೆಗೆದು ಮಾಳುವಿನ ಕೈಗೆ ಕೊಟ್ಟ. "ಕೂಗ ಇರೂದು ನೀ ಇಟ್ಕೊ. ಕೂಗ ಇರಲಾರದ್ದ ನನಗ ಕೊಡು. ಆದ್ರ ಆ ಖಾಲಿ ಹಂಗ ಇರ್ಲಿ. ಅದನ್ನ ಮುಚ್ಚಬ್ಯಾಡ."

ಮಾಳು ಹಿಂದೆ ಕೂಗನ್ನು ಕತ್ತರಿಸಿದಾಗ ಗಾಯವನ್ನು ಹೊಲಿದುಬಿಟ್ಟಿದ್ದ. ಈ ಸಲ ಹೊಲಿಯಲಿಲ್ಲ. ಮರುದಿನ ಮಧ್ಯಾಹ್ನ ಸೆಂಟರಿನಲ್ಲಿ ಕೂತು ಏಳು ಕಡೆ ನಾಲ್ಕು ನಾಲ್ಕು ಸೆಕೆಂಡು ಖಾಲಿ ಬಿಟ್ಟ, ಉಳಿದದ್ದನ್ನು ಕುಗ್ಗಿಸದೆ ಇಟ್ಟ. ಸಂಜೆ ಅದನ್ನು ಹಿಂಡಿನ ಮುಂದೆ ಹಚ್ಚಿದ. ಒಂದೂ ಏಳಲಿಲ್ಲ. ಕಾಳು ಹಾಕಲು ಹೊರಟ ತಾಯಿಯ ಕೈ ಹಿಡಿದು ಕೂರಿಸಿದ. ಆಮೇಲೆ ಅವಳೇ ಕರೆದಳು, ಎಲ್ಲವೂ ಎದ್ದವು.

"ಇದಾದ್ರ ಬಿಡು" ಎಂದಳು ಯಲ್ಲಕ್ಕ. "ಇದರಾಗ ನಂದೇನೂ ಇಲ್ಲ."

ಫಾರ್ಮ್ಯಾಟಿನ ಪ್ರಶ್ನೆಯನ್ನು ಬಗೆಹರಿಸಿದವನು ಶ್ರೇಯಸ. ಅವನು ಹೆಡ್‌ಫೋನ್ ಹಾಕಿಕೊಂಡು ಈ ಸಲ ಪೂರ್ತಿ ಕೇಳಿದ. ಮೊದಲ ಖಾಲಿಗೆ ವಾಪಸ್ ಹೋಗಿ ಅದನ್ನು ಮೂರು ಸಲ ಕೇಳಿದ.

"ಇಲ್ಲಿ ಏನೈತಿ?"

"ಏನೂ ಇಲ್ಲ."

"ಖರೇನ ಏನೂ ಇಲ್ಲ" ಎಂದ ಶ್ರೇಯಸ, ಬೆರಗಿನಿಂದ. "ಕ್ಯಾಸೆಟ್ಟಿನ್ಯಾಗ ಏನೂ ಇಲ್ಲ ಅಂದ್ರೂ ಸುಂಯ್ ಅಂತ ಇರ್ತೈತಿ. ಏನೂ ಇಲ್ಲದ್ದು ಇಷ್ಟ ಸ್ವಚ್ಛ ಇರಬೇಕಂದ್ರ ಆಡಿಯೋ ಸಿಡಿನ ಆಗಬೇಕು. ಎಲ್ಲಾರಿಗೂ ಇದನ್ನ ಕೊಡು."

ಸತ್ತೆಪ್ಪ ಒಂದು ವಾರ ಗೊಣಗಿ, ಸಿಡಿ ಪ್ಲೇಯರ್ ಕೊಂಡು, ಅದನ್ನು ಟ್ರೇಲರಿನಲ್ಲಿ ಕೌದಿಯ ಮೇಲೆ ಮಲಗಿಸಿದ. ಮೂಡಲಗಿಯ ಉದ್ದಪ್ಪನ ಡ್ರಾಯರಿನಲ್ಲಿ ಹಳೆಯ ಸಿಡಿ ಬೀಗದೊಳಗೇ ಇತ್ತು. ಮಾಳು ಅದನ್ನು ವಾಪಸ್ ಪಡೆದು ಹೊಸದನ್ನು ಕೊಟ್ಟಾಗ ಉದ್ದಪ್ಪ ಮೊದಲ ಸಲ ಹಾಡನ್ನು ಪೂರ್ತಿ ಕೇಳಿದ. ಮರುದಿನ ಫೋನು ಮಾಡಿ ಸಿಡಿ ಏಳು ಕಡೆ ಕೆಟ್ಟಿದೆ ಎಂದ. ಮಾಳು ವಿವರಿಸಿದ. ಮೂರನೆಯ ದಿನ ಉದ್ದಪ್ಪ ತನ್ನ ಮಷೀನನ್ನೇ ಗೋಕಾಕಕ್ಕೆ ರಿಪೇರಿಗೆ ಹೊತ್ತುಕೊಂಡು ಬಂದ. ಅದಾದ ಮೇಲೆ ಮಾಳು ಲಗ್ನಪತ್ರಿಕೆಯ ಅಕ್ಷರದಲ್ಲೇ ಒಂದು ಚೀಟಿ ಮಾಡಿ ಪ್ರತಿ ಸಿಡಿಯ ಮೇಲೂ ಅಂಟಿಸಿದ: 'ಈ ಹಾಡು ಏಳು ಕಡೆ ಸುಮ್ಮನಿರುತ್ತದೆ. ಸಿಡಿ ಕೆಟ್ಟಿಲ್ಲ. ಮಷೀನೂ ಕೆಟ್ಟಿಲ್ಲ. ತಾವು ಸುಮ್ಮನಿರಬೇಕಾಗಿ ವಿನಂತಿ.'

ಡಿಸೆಂಬರ್ ಕೊನೆಯ ಭಾನುವಾರ ಉದ್ದಪ್ಪ ಅದನ್ನು ಮೂಡಲಗಿಯಲ್ಲಿ ಒಂದು ಮದುವೆಯಲ್ಲಿ ಹಚ್ಚಿದ. ಹೊತ್ತು ಮಧ್ಯಾಹ್ನ ಒಂದೂವರೆ. ಮಾಳು ಗುಂಪಿನ ಅಂಚಿನಲ್ಲಿ ನಿಂತಿದ್ದ. ಮೊದಲ ಖಾಲಿ ಬಂತು. ಬೀದಿ ನಿಂತಿತು. ಮಾಳಿಗೆಯೊಂದರ ಮೇಲಿನಿಂದ ಶಿವವ್ವ ಎಂಬ ಮುದುಕಿ ಒಳ್ಳೆಯ ದನಿಯಲ್ಲಿ ಕರೆದಳು:

"ಮಾಲಿಂಗಪ್ಪಾ, ರೊಟ್ಟಿ ಆರಾಕತ್ತಾವು."

ಕುಣಿಯುವವರ ನಡುವೆ ಒಂದು ಕಾಲ ಮೇಲೆ ನಿಂತಿದ್ದ, ನಲವತ್ತು ದಾಟಿದ ಗೃಹಸ್ಥನೊಬ್ಬ ಎತ್ತಿದ ಕಾಲು ಇಳಿಸಿ, ಹೆಗಲ ಟಾವೆಲ್ಲಿನಿಂದ ಮುಖ ಒರೆಸಿಕೊಂಡು, ಮನೆಗೆ ಹೋದ.